ಹಾಲಿಗೆ ಇರುವ ಅಳತೆ ಕೆಲಸಕ್ಕೂ ಬೇಕು

(ಹಾಲು ಉತ್ಪಾದಕರ ಸಹಕಾರ ಸಂಘಗಳ ಆಡಳಿತ ಮಂಡಳಿ ಸದಸ್ಯರಿಗಾಗಿ ಏರ್ಪಡಿಸಿದ್ದ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ. ಎಲ್ಲ ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಪ್ರಕಟಿಸಲಾಗಿದೆ.)



ನಾನು ಮಾತಾಡಲು ಎದ್ದರೆ ಕೆಚ್ಚಲು ಬಾವಿನ ವಿಷಯವೋ, ಗಬ್ಬ ನಿಲ್ಲದ ಹಸುವಿನ ವಿಷಯವೋ, ಖನಿಜ ಮಿಶ್ರಣದ ವಿಷಯವೋ ಬರುತ್ತದೆಂದು ನೀವು ಕಾಯುತ್ತೀರಿ. ಇವತ್ತು ಅದು ಯಾವುದೂ ಇಲ್ಲ. ಅಧ್ಯಕ್ಷರು ನನಗೆ ಬೇರೆಯೇ ವಿಷಯ ಕೊಟ್ಟಿದ್ದಾರೆ. ಸಂಘದಲ್ಲಿ ದುಡಿಯುವ ನೌಕರರ ಕೆಲಸಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ, ಅದನ್ನು ಹೇಗೆ ಗೊತ್ತು ಮಾಡಬೇಕು ಎಂಬುದೇ ಆ ವಿಷಯ. ಇದಕ್ಕೆ ಹುದ್ದೆ ಮೌಲ್ಯಮಾಪನ ಎಂದು ಹೆಸರು. ಹೆಸರು ದೊಡ್ಡದು, ಆದರೆ ಕೆಲಸ ನಿಮಗೆ ಹೊಸದೇನಲ್ಲ. ಮಹಾಸಭೆಯಲ್ಲಿ ಪ್ರತಿ ವರ್ಷ ಒಂದಲ್ಲ ಒಂದು ರೀತಿಯಲ್ಲಿ ಈ ಜಗಳ ಬಂದೇ ಬರುತ್ತದೆ. "ಕಾರ್ಯದರ್ಶಿಗೆ ಅಷ್ಟು ಯಾಕೆ?" "ಪರೀಕ್ಷಕನಿಗೆ ಇಷ್ಟೇ ಯಾಕೆ?" "ನಮ್ಮ ಹಾಲಿನ ದುಡ್ಡಲ್ಲವೇ ಇದು?" ಎಂದು ಕೂಗಾಟ ಆಗುತ್ತದೆ. ಕೊನೆಗೆ ಯಾರ ಧ್ವನಿ ಜೋರೋ ಅವರ ಮಾತು ನಡೆಯುತ್ತದೆ.

ಈ ವಿಷಯ ಮಾತಾಡಲು ನನಗೆ ಇರುವ ಒಂದೇ ಯೋಗ್ಯತೆ ಏನೆಂದರೆ, ಇದರಲ್ಲಿ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಆಡಿದ ಒಂದು ಮಾತು

2011ರ ಬೇಸಿಗೆ. ನನ್ನ ವ್ಯಾಪ್ತಿಯ ಒಂದು ಸಂಘದಲ್ಲಿ ಸಂಬಳ ಹೆಚ್ಚಿಸುವ ಪ್ರಸ್ತಾಪ ಬಂತು. ಊರಿನ ಹೆಸರು ಬೇಡ. ಅಲ್ಲಿ ಒಬ್ಬ ಕಾರ್ಯದರ್ಶಿ, ಒಬ್ಬ ಪರೀಕ್ಷಕ, ಹಾಲು ಅಳೆಯಲು ಒಬ್ಬ ಸಹಾಯಕ, ಕ್ಯಾನು ಮತ್ತು ಪಾತ್ರೆ ತೊಳೆದು ಡೇರಿ ಗುಡಿಸಲು ಒಬ್ಬ ಅಕ್ಕ ಇದ್ದರು. ಆಡಳಿತ ಮಂಡಳಿಯವರು ನನ್ನನ್ನು ಕರೆದು, "ಡಾಕ್ಟ್ರೇ, ನೀವೇ ಒಂದು ದಾರಿ ಹೇಳಿ" ಎಂದರು. ನಾನು ಹೆಚ್ಚು ಯೋಚನೆ ಮಾಡಲಿಲ್ಲ. ಎಲ್ಲರಿಗೂ ನೂರಕ್ಕೆ ಹತ್ತರಂತೆ ಹೆಚ್ಚಿಸಿಬಿಡಿ, ಜಗಳ ಇರುವುದಿಲ್ಲ ಎಂದೆ. ತೊಳೆಯುವ ಅಕ್ಕನಿಗೆ ಬಹಳ ಕಡಿಮೆ ಆಗುತ್ತದಲ್ಲ ಎಂದು ಒಬ್ಬ ಹಿರಿಯ ಸದಸ್ಯರು ಕೇಳಿದರು. ಆಗ ನಾನು, "ತೊಳೆಯುವ ಕೆಲಸ ತಾನೇ, ಯಾರು ಬೇಕಾದರೂ ಮಾಡಬಹುದು" ಎಂದುಬಿಟ್ಟೆ. ಆ ಅಕ್ಕ ಅಲ್ಲೇ ಬಾಗಿಲ ಹೊರಗೆ ಕ್ಯಾನು ಬೋರಲು ಹಾಕುತ್ತಿದ್ದರು.

ತಿಂಗಳು ತುಂಬುವ ಮೊದಲೇ ಅವರು ಕೆಲಸ ಬಿಟ್ಟರು. ಅವರ ಜಾಗಕ್ಕೆ ಒಬ್ಬ ಹುಡುಗ ಬಂದ, ಅವನು ಹೋದ, ಇನ್ನೊಬ್ಬ ಬಂದ. ಮೂರನೆಯ ವಾರದಿಂದ ಆ ಸಂಘದ ಕ್ಯಾನುಗಳು ಶೀತಲ ಕೇಂದ್ರದಿಂದ ಹುಳಿ ಎಂದು ವಾಪಸು ಬರತೊಡಗಿದವು. ಬೇಸಿಗೆಯಲ್ಲವೇ, ಉತ್ಪಾದಕರೇ ತಂಗಳು ಹಾಲು ಬೆರೆಸುತ್ತಿದ್ದಾರೆ ಎಂದು ನಾವು ತೀರ್ಮಾನಿಸಿದೆವು. ಬೆಳಿಗ್ಗೆ ಡೇರಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹಾಲನ್ನೂ ಮೂಸಿ ನೋಡಿದೆವು. ಮೂವತ್ತು ವರ್ಷದಿಂದ ಹಾಲು ಹಾಕುತ್ತಿದ್ದ ಒಬ್ಬ ಅಜ್ಜಿಯ ಹಾಲನ್ನು ವಾಪಸು ಕಳಿಸಿದೆವು. ಆಕೆ ಮಾತಾಡದೆ ಚೊಂಬು ಎತ್ತಿಕೊಂಡು ಹೋದರು.

ಆಮೇಲೆ ಒಂದು ದಿನ ನಾನು ಕ್ಯಾನಿನ ಮುಚ್ಚಳದ ರಬ್ಬರ್ ರಿಂಗ್ ಬಿಚ್ಚಿ ನೋಡಿದೆ. ಒಳಗೆ ಹಳದಿ ಲೋಳೆ ಕಟ್ಟಿತ್ತು. ಹುಡುಗ ಹೊರಗೆಲ್ಲ ಫಳಫಳ ಹೊಳೆಯುವಂತೆ ತೊಳೆದಿದ್ದ, ರಿಂಗ್ ಬಿಚ್ಚಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಇನ್ನೊಂದು ತಪ್ಪೂ ನಡೆದಿತ್ತು. ಬೇಗ ಚೊಕ್ಕಟವಾಗಲೆಂದು ಅವನು ಮೊದಲೇ ಕುದಿಯುವ ನೀರು ಹಾಕುತ್ತಿದ್ದ. ಹಾಗೆ ಮಾಡಿದರೆ ಹಾಲಿನ ಪ್ರೋಟೀನು ಪಾತ್ರೆಗೆ ಬೆಂದು ಅಂಟಿಕೊಳ್ಳುತ್ತದೆ, ಕಾಲಕ್ರಮದಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ. ಮೊದಲು ತಣ್ಣೀರಿನಿಂದ ಜಾಲಿಸಬೇಕು, ಆಮೇಲೆ ಬಿಸಿನೀರಿಗೆ ತೊಳೆಯುವ ಪುಡಿ ಹಾಕಿ ಬ್ರಷ್‌ನಿಂದ ಉಜ್ಜಬೇಕು, ಆಮೇಲೆ ಪುಡಿಯ ಅಂಶ ಹೋಗುವಂತೆ ಬಿಸಿನೀರಿನಿಂದ ತೊಳೆದು, ಬೋರಲು ಹಾಕಿ ಒಣಗಿಸಬೇಕು. ಆ ಅಕ್ಕ ಒಂಬತ್ತು ವರ್ಷ ದಿನಕ್ಕೆ ಎರಡು ಸಲ ಇದನ್ನು ತಪ್ಪದೆ ಮಾಡಿದ್ದರು. ಅವರಿಗೆ ಅದನ್ನು ಕಲಿಸಿದವರು ಯಾರೋ, ನಾನಂತೂ ಅಲ್ಲ.

ನಾನು ಅವರ ಮನೆಗೆ ಹೋದೆ. "ಸಂಬಳ ಸಾಲದೆಂದು ಬಿಟ್ಟಿರಾ ಅಕ್ಕ?" ಎಂದು ಕೇಳಿದೆ. "ಸಂಬಳ ಮೊದಲಿಂದಲೂ ಅಷ್ಟೇ ಇತ್ತಲ್ಲ ಡಾಕ್ಟ್ರೇ. ಯಾರು ಬೇಕಾದರೂ ಮಾಡಬಹುದು ಅಂದ್ರಲ್ಲ, ಸರಿ, ಯಾರನ್ನ ಬೇಕಾದರೂ ಇಟ್ಕೊಳ್ಳಲಿ ಅಂತ ಬಿಟ್ಟೆ" ಎಂದರು. ವಾಪಸು ಬರಲು ಒಪ್ಪಲಿಲ್ಲ. ಆದರೆ ಎರಡು ದಿನ ಬಂದು ಆ ಹುಡುಗನಿಗೆ ಎಲ್ಲವನ್ನೂ ಕಲಿಸಿಕೊಟ್ಟು ಹೋದರು. ಅಜ್ಜಿಯ ಮನೆಗೂ ನಾನು ಹೋಗಿ ತಪ್ಪಾಯಿತೆಂದು ಹೇಳಿ ಬಂದೆ.

ಹಾಲಿನ ವಿಷಯದಲ್ಲಿ ನಾವು ಮಾಡಿದ್ದೇನು?

ಬಂಧುಗಳೇ, 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಹಾಲು ಉತ್ಪಾದಕರ ಒಕ್ಕೂಟ ಆರಂಭವಾಯಿತು. ಆನಂದ್ ಮಾದರಿ ಎಂದು ನಾವು ಕರೆಯುವುದು ಅದನ್ನೇ. ಕರ್ನಾಟಕದಲ್ಲಿ 1974ರಿಂದ ಈ ಮಾದರಿ ಕಾಲೂರಿತು. ಇದು ಗೆದ್ದದ್ದಕ್ಕೆ ಹಲವು ಕಾರಣ ಹೇಳುತ್ತಾರೆ. ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುವ ಕಾರಣ ಒಂದು. ಹಾಲನ್ನು ಅಳೆಯುವಾಗ ತಂದವರು ಯಾರೆಂದು ಕೇಳುವುದನ್ನು ನಾವು ಬಿಟ್ಟೆವು. ಇಪ್ಪತ್ತು ಹಸು ಇರುವ ಮನೆಯ ಹಾಲಾಗಲಿ, ಒಂದೇ ಹಸು ಇರುವ ವಿಧವೆಯ ಹಾಲಾಗಲಿ, ಸಾಲು ಒಂದೇ, ಜಿಡ್ಡು ನೋಡುವ ರೀತಿ ಒಂದೇ, ದರಪಟ್ಟಿ ಒಂದೇ. ದಲ್ಲಾಳಿಯ ಕಾಲದಲ್ಲಿ ಕಣ್ಣಂದಾಜಿನಲ್ಲಿ ಬೆಲೆ ಕಟ್ಟುತ್ತಿದ್ದರು. ಕಣ್ಣಂದಾಜಿನಲ್ಲಿ ಬಡವರ ಹಾಲು ಯಾವಾಗಲೂ ತೆಳ್ಳಗೇ ಕಾಣುತ್ತದೆ.

ಅದೇ ಸಂಘದೊಳಗೆ ದುಡಿಯುವವರ ಕೆಲಸಕ್ಕೆ ನಾವು ಇಂದಿಗೂ ಕಣ್ಣಂದಾಜಿನಲ್ಲೇ ಬೆಲೆ ಕಟ್ಟುತ್ತಿದ್ದೇವೆ. ಕುರ್ಚಿಯ ಮೇಲೆ ಕೂತು ಪುಸ್ತಕ ಬರೆಯುವ ಕೆಲಸ ದೊಡ್ಡದು, ನೆಲದಲ್ಲಿ ಕೂತು ಉಜ್ಜುವ ಕೆಲಸ ಚಿಕ್ಕದು ಎಂದು ನೋಡಿದ ಕೂಡಲೇ ತೀರ್ಮಾನ ಮಾಡುತ್ತೇವೆ. ಹಾಲಿಗೆ ಅಳತೆ ತಂದ ನಾವು ಕೆಲಸಕ್ಕೆ ತರಲಿಲ್ಲ. ನಾನು ಹೇಳಬೇಕೆಂದಿರುವುದು ಇದೊಂದೇ ಮಾತು. ಉಳಿದದ್ದೆಲ್ಲ ಅದನ್ನು ಹೇಗೆ ಮಾಡಬೇಕೆಂಬ ವಿವರ.

ಎತ್ತನ್ನಲ್ಲ, ಹೊರೆಯನ್ನು ತೂಗಬೇಕು

ಪಶುವೈದ್ಯ ಕಾಲೇಜಿನಲ್ಲಿ ನಮಗೆ ಹಸುವನ್ನು ಅಂಕ ಹಾಕಿ ನೋಡುವುದನ್ನು ಕಲಿಸುತ್ತಾರೆ. ಹಳೆಯ ಅಂಕಪಟ್ಟಿಯಲ್ಲಿ ಒಟ್ಟು 100 ಅಂಕ. ಮೈಕಟ್ಟಿನ ಒಟ್ಟು ನೋಟಕ್ಕೆ 30, ಹೈನಿನ ಲಕ್ಷಣಕ್ಕೆ 20, ಎದೆ ಹೊಟ್ಟೆಗಳ ವಿಸ್ತಾರಕ್ಕೆ 20, ಕೆಚ್ಚಲಿಗೆ 30. ಬಣ್ಣ ಚೆನ್ನಾಗಿದೆ, ಕೊಂಬು ಚೆನ್ನಾಗಿದೆ ಎಂದು ಮರುಳಾಗದೆ, ಬೇಕಾದ ಗುಣಗಳನ್ನು ಮೊದಲು ಬಿಡಿಬಿಡಿಯಾಗಿ ನೋಡಿ ಆಮೇಲೆ ಕೂಡಿಸಬೇಕೆಂಬುದೇ ಇದರ ಉದ್ದೇಶ. ಕೆಲಸಗಳಿಗೆ ಬೆಲೆ ಕಟ್ಟುವ ಅಂಕ ಪದ್ಧತಿಯೂ ಹೀಗೆಯೇ. ಇದು 1920ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಬಳಕೆಗೆ ಬಂತು.

ಆದರೆ ಒಂದು ವ್ಯತ್ಯಾಸವನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಿ. ಜಾನುವಾರು ಪ್ರದರ್ಶನದಲ್ಲಿ ಅಂಕ ಹಸುವಿಗೆ. ಇಲ್ಲಿ ಅಂಕ ಹುದ್ದೆಗೆ, ಆ ಹುದ್ದೆಯಲ್ಲಿರುವ ಮನುಷ್ಯನಿಗಲ್ಲ. ಗಾಡಿಯ ಹೊರೆ ಎಷ್ಟು ಎಂದು ತೂಗುವಾಗ ಎತ್ತು ಯಾವ ತಳಿ, ಯಾರ ಮನೆಯದು, ಎಷ್ಟು ವರ್ಷದ್ದು ಎಂದು ಯಾರೂ ಕೇಳುವುದಿಲ್ಲ. ಹಾಗೆಯೇ ಪರೀಕ್ಷಕನ ಹುದ್ದೆಗೆ ಅಂಕ ಹಾಕುವಾಗ, "ಅವನು ನಮ್ಮ ಕಡೆಯವನು", "ಅವನು ತಡವಾಗಿ ಬರುತ್ತಾನೆ", "ಅವರ ಮನೆಯಲ್ಲಿ ಜಮೀನಿದೆ, ಸಂಬಳ ಯಾಕೆ" ಎಂಬ ಮಾತು ಬರಬಾರದು. ಅವನು ಚೆನ್ನಾಗಿ ಮಾಡುತ್ತಾನೋ ಇಲ್ಲವೋ, ಎಷ್ಟು ವರ್ಷದಿಂದ ಇದ್ದಾನೆ ಎಂಬುದಕ್ಕೆ ವಾರ್ಷಿಕ ಬಡ್ತಿ, ಪ್ರೋತ್ಸಾಹಧನ, ಇಲ್ಲವೇ ನೋಟೀಸು ಇವೆ. ಅದು ಬೇರೆ ಪುಸ್ತಕ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ಲೆಕ್ಕ ಕೆಡುತ್ತದೆ.

ತೂಗುವುದಕ್ಕೆ ನಾಲ್ಕು ಬಟ್ಟು ಸಾಕು. ಕೌಶಲ, ಹೊಣೆ, ಶ್ರಮ, ಮತ್ತು ಕೆಲಸ ಮಾಡುವ ಪರಿಸ್ಥಿತಿ. ಇದು ನಾನು ಕಟ್ಟಿದ್ದಲ್ಲ. ನಮ್ಮ ದೇಶದ 1976ರ ಸಮಾನ ವೇತನ ಕಾಯ್ದೆಯಲ್ಲಿ ಒಂದೇ ಸ್ವರೂಪದ ಕೆಲಸ ಎಂದರೇನು ಎಂಬುದಕ್ಕೆ ಇದೇ ನಾಲ್ಕನ್ನು ಹೇಳಿತ್ತು. ಅದರ ಬದಲಿಗೆ ಸಂಸತ್ತು ತಂದ 2019ರ ವೇತನ ಸಂಹಿತೆ ಇವುಗಳ ಜೊತೆಗೆ ಅನುಭವವನ್ನೂ ಸೇರಿಸಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1951ರ ಸಮಾನ ವೇತನ ಒಪ್ಪಂದವು, ಮಾಡುವ ಕೆಲಸವನ್ನೇ ಆಧಾರವಾಗಿಟ್ಟುಕೊಂಡು ಹುದ್ದೆಗಳನ್ನು ಪಕ್ಷಪಾತವಿಲ್ಲದೆ ಅಳೆಯಬೇಕೆಂದು ಹೇಳುತ್ತದೆ. ಭಾರತ ಅದಕ್ಕೆ 1958ರಲ್ಲಿ ಒಪ್ಪಿಗೆ ಕೊಟ್ಟಿದೆ.

ಮೊದಲ ಹೆಜ್ಜೆ: ಕೆಲಸವನ್ನು ಬರೆದಿಡುವುದು

ಪ್ರತಿ ಹುದ್ದೆಗೂ ಒಂದೊಂದು ಹಾಳೆ ತೆಗೆದುಕೊಳ್ಳಿ. ಐದು ಪ್ರಶ್ನೆಗೆ ಉತ್ತರ ಬರೆಯಿರಿ. ಏನೇನು ಕೆಲಸ? ಎಷ್ಟು ಹೊತ್ತಿಗೆ, ಎಷ್ಟು ಗಂಟೆ? ಯಾವ ಸಲಕರಣೆ, ಯಾವ ಔಷಧಿ ಅಥವಾ ಆಮ್ಲ ಮುಟ್ಟಬೇಕು? ಕಲಿಯಲು ಎಷ್ಟು ಕಾಲ ಬೇಕು? ತಪ್ಪಾದರೆ ಯಾರಿಗೆ, ಎಷ್ಟು ನಷ್ಟ?

ಈ ಹಾಳೆಯನ್ನು ಕೋಣೆಯಲ್ಲಿ ಕೂತು ತುಂಬಬೇಡಿ. ಕೆಲಸ ಮಾಡುವವರನ್ನೇ ಕೇಳಿ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಡೇರಿಯಲ್ಲಿ ನಿಂತು ನೋಡಿ. ಆಗ ಕಾಣದ ಕೆಲಸಗಳು ಕಾಣುತ್ತವೆ.

ಪರೀಕ್ಷಕನದ್ದನ್ನೇ ನೋಡಿ. ಗರ್ಬರ್ ಪರೀಕ್ಷೆ ಇದ್ದ ಕಡೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಅಳೆದು ಬ್ಯುಟಿರೋಮೀಟರಿಗೆ ಹಾಕಿ, ಯಂತ್ರದಲ್ಲಿ ತಿರುಗಿಸಿ, ಬಿಸಿನೀರಿನಲ್ಲಿಟ್ಟು ಓದಬೇಕು. ಆಮ್ಲ ಕೈಮೇಲೆ ಬಿದ್ದರೆ ಚರ್ಮ ಸುಡುತ್ತದೆ. ಈಗ ಬಹಳ ಸಂಘಗಳಲ್ಲಿ ಎಲೆಕ್ಟ್ರಾನಿಕ್ ಯಂತ್ರ ಬಂದಿದೆ, ಆಮ್ಲದ ಭಯ ಹೋಗಿದೆ. "ಬಟನ್ ಒತ್ತುವುದು ತಾನೇ" ಎನ್ನುವವರೂ ಇದ್ದಾರೆ. ಆದರೆ ಆ ಯಂತ್ರದ ಕೊಳವೆಯನ್ನು ಸರಿಯಾಗಿ ತೊಳೆಯದಿದ್ದರೆ, ಕಾಲಕಾಲಕ್ಕೆ ಅದರ ಅಳತೆ ಸರಿ ಇದೆಯೇ ಎಂದು ತಾಳೆ ನೋಡದಿದ್ದರೆ, ಒಬ್ಬರ ಹಾಲಲ್ಲ, ಊರಿನವರೆಲ್ಲರ ಹಾಲಿನ ಲೆಕ್ಕ ಒಟ್ಟಿಗೇ ತಪ್ಪುತ್ತದೆ. ಅಪಾಯ ಕಡಿಮೆಯಾಯಿತು, ಹೊಣೆ ಹೆಚ್ಚಾಯಿತು. ಹಾಳೆಯಲ್ಲಿ ಬರೆಯದೆ ಇದು ಗೊತ್ತಾಗುವುದಿಲ್ಲ.

ತೊಳೆಯುವವರ ಹಾಳೆಯನ್ನೂ ಬರೆಯಿರಿ. ಕ್ಯಾನಿನ ರಿಂಗ್, ಬಲ್ಕ್ ಕೂಲರ್ ಇರುವ ಕಡೆ ಅದರ ಕೆಳಗಿನ ವಾಲ್ವ್, ಕಲಕುವ ರೆಕ್ಕೆಯ ಹಿಂಭಾಗ, ಇಲ್ಲೆಲ್ಲ ಸೂಕ್ಷ್ಮಾಣು ಮನೆ ಮಾಡುತ್ತವೆ. ಬೆಚ್ಚಗಿನ ಹಾಲಿನಲ್ಲಿ ಅವು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ ಎಂದಿಟ್ಟುಕೊಂಡರೂ ಐದು ಗಂಟೆಯಲ್ಲಿ ಒಂದು ಹೋಗಿ ಸಾವಿರ ಮೀರುತ್ತದೆ. ಕೂಲರ್ ಹಾಲನ್ನು 4 ಡಿಗ್ರಿಗೆ ಇಳಿಸಿ ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ, ಆದರೆ ಮೊದಲೇ ಕೊಳಕಾದ ಹಾಲನ್ನು ಶುದ್ಧ ಮಾಡುವುದಿಲ್ಲ. ಇನ್ನು ಪರಿಸ್ಥಿತಿಯ ವಿಷಯ. ಬೆಳಗಿನ ಚಳಿಯಲ್ಲಿ ತಣ್ಣೀರು, ಆಮೇಲೆ ಬಿಸಿನೀರು, ವರ್ಷವಿಡೀ ಖಾರದ ಪುಡಿಯಲ್ಲಿ ಕೈ. ಆ ಕೈಗಳನ್ನು ಒಂದು ಸಲ ನೋಡಿದರೆ ಇದಕ್ಕೆ ಎಷ್ಟು ಅಂಕ ಹಾಕಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ.

ಎರಡನೆಯ ಹೆಜ್ಜೆ: ಹೋಲಿಸುವುದು, ಅಂಕ ಹಾಕುವುದು

ಚಿಕ್ಕ ಸಂಘವಾದರೆ ಸುಲಭದ ದಾರಿ ಒಂದಿದೆ. ಹುದ್ದೆಗಳ ಹೆಸರನ್ನು ಚೀಟಿಯಲ್ಲಿ ಬರೆದು, ಎರಡೆರಡನ್ನೇ ಎದುರೆದುರು ಇಟ್ಟು ಯಾವುದರ ಹೊರೆ ಹೆಚ್ಚು ಎಂದು ಗುರುತು ಹಾಕುತ್ತಾ ಹೋಗಿ. ನಾಲ್ಕು ಹುದ್ದೆಗೆ ಆರು ಹೋಲಿಕೆ, ಆರು ಹುದ್ದೆಗೆ ಹದಿನೈದು ಹೋಲಿಕೆ. ಯಾವುದಕ್ಕೆ ಹೆಚ್ಚು ಗುರುತು ಬಿತ್ತೋ ಅದು ಮೇಲೆ. ಇದರಿಂದ ಯಾವುದು ಮೇಲೆ, ಯಾವುದು ಕೆಳಗೆ ಎಂದು ಗೊತ್ತಾಗುತ್ತದೆ. ಆದರೆ ಎಷ್ಟು ಮೇಲೆ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಅಂಕ ಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಇದು ಉದಾಹರಣೆ ಮಾತ್ರ, ನಿಮ್ಮ ಸಂಘಕ್ಕೆ ನೀವೇ ಹಾಕಿಕೊಳ್ಳಬೇಕು. 100 ಅಂಕದಲ್ಲಿ ಕೌಶಲಕ್ಕೆ 40, ಹೊಣೆಗೆ 30, ಶ್ರಮಕ್ಕೆ 15, ಪರಿಸ್ಥಿತಿಗೆ 15 ಎಂದಿಟ್ಟುಕೊಳ್ಳೋಣ. ನಾನು ಹೇಳಿದ ಆ ಸಂಘದ ನಾಲ್ಕು ಹುದ್ದೆಗಳನ್ನು ಇಷ್ಟು ವರ್ಷದ ಮೇಲೆ ಮೊನ್ನೆ ಕೂತು ತೂಗಿ ನೋಡಿದೆ.

ಕಾರ್ಯದರ್ಶಿ: ಕೌಶಲ 31, ಹೊಣೆ 27, ಶ್ರಮ 7, ಪರಿಸ್ಥಿತಿ 4. ಒಟ್ಟು 69.

ಪರೀಕ್ಷಕ: ಕೌಶಲ 25, ಹೊಣೆ 22, ಶ್ರಮ 7, ಪರಿಸ್ಥಿತಿ 9. ಒಟ್ಟು 63.

ತೊಳೆಯುವವರು: ಕೌಶಲ 12, ಹೊಣೆ 18, ಶ್ರಮ 12, ಪರಿಸ್ಥಿತಿ 12. ಒಟ್ಟು 54.

ಅಳೆಯುವ ಸಹಾಯಕ: ಕೌಶಲ 15, ಹೊಣೆ 15, ಶ್ರಮ 9, ಪರಿಸ್ಥಿತಿ 5. ಒಟ್ಟು 44.

ಕಾರ್ಯದರ್ಶಿ ಮೊದಲೂ ಮೇಲಿದ್ದರು, ಈಗಲೂ ಮೇಲೇ ಇದ್ದಾರೆ. ಹಣ, ಪುಸ್ತಕ, ಬಟವಾಡೆ, ಆಡಿಟ್ಟು, ಎಲ್ಲದಕ್ಕೂ ಸಹಿ ಅವರದು, ಅದು ನ್ಯಾಯವೇ. ಆದರೆ ಪರೀಕ್ಷಕನ ಹುದ್ದೆ ನಾವು ಅಂದುಕೊಂಡಷ್ಟು ದೂರದಲ್ಲಿಲ್ಲ, ಅವರ ಬೆನ್ನ ಹಿಂದೆಯೇ ಇದೆ. ಇನ್ನು ಎಲ್ಲರಿಗಿಂತ ಕೆಳಗೆ ಕೂರಿಸಿದ್ದ ತೊಳೆಯುವ ಹುದ್ದೆ, ಅಳೆಯುವ ಸಹಾಯಕನ ಹುದ್ದೆಗಿಂತ ಹತ್ತು ಅಂಕ ಮೇಲೆ ಬಂದಿದೆ. ಕೌಶಲದ ಸಾಲಿನಲ್ಲಿ ಅದು ಕಡಿಮೆಯೇ. ಆದರೆ ಉಳಿದ ಮೂರು ಸಾಲನ್ನು ನಾವು ಎಂದೂ ನೋಡಿರಲಿಲ್ಲ.

ಕೃತಕ ಗರ್ಭಧಾರಣೆ ಕಾರ್ಯಕರ್ತರನ್ನು ನಾನು ಇಲ್ಲಿ ಸೇರಿಸಿಲ್ಲ. ಅವರಿಗೆ ಬಹಳ ಕಡೆ ಮಾಡಿದ ಕೆಲಸದ ಲೆಕ್ಕದಲ್ಲಿ ಹಣ ಸಿಗುತ್ತದೆ, ತಿಂಗಳ ಸಂಬಳದ ಏಣಿಗೆ ಅದನ್ನು ಹೊಂದಿಸುವುದು ಸುಲಭವಲ್ಲ. ಸಂಬಳಕ್ಕೆ ಇಟ್ಟುಕೊಂಡಿರುವ ಸಂಘಗಳು ಅವರ ಹಾಳೆಯನ್ನೂ ಬರೆಯಲಿ. 196 ಡಿಗ್ರಿ ಸೊನ್ನೆಗಿಂತ ಕೆಳಗಿನ ದ್ರವ ಸಾರಜನಕವನ್ನು ಕಾಪಾಡಿಕೊಂಡು, ಬೆದೆಯ ಸರಿಯಾದ ಹೊತ್ತಿಗೆ ಬರುವುದು ಅವರ ಕೆಲಸ. ಆ ಹೊತ್ತು ತಪ್ಪಿದರೆ ನಿಮಗೆ 21 ದಿನ ನಷ್ಟ.

ಎಡವುವ ಜಾಗಗಳು

ಮೊದಲನೆಯದು. ಬಟ್ಟನ್ನು ತೂಗುವ ಮೊದಲೇ ನಿಗದಿ ಮಾಡಿ. ಮೊದಲು ತೂಗಿ, ನಮಗೆ ಬೇಕಾದವರು ಕೆಳಗೆ ಬಂದರೆಂದು ಆಮೇಲೆ ಕೌಶಲದ 40ನ್ನು 60 ಮಾಡುವುದು, ತಕ್ಕಡಿಯ ಕೆಳಗೆ ಹುಣಸೆಹಣ್ಣು ಅಂಟಿಸಿದಂತೆ.

ಎರಡನೆಯದು. ಶ್ರಮ ಎಂದರೆ ಭಾರ ಎತ್ತುವುದು ಮಾತ್ರ ಅಲ್ಲ. ಗಂಡಸರು 40 ಲೀಟರಿನ ಕ್ಯಾನು ಎತ್ತಿದರೆ ನಮ್ಮ ಕಣ್ಣಿಗೆ ಬೀಳುತ್ತದೆ. ಹೆಂಗಸರು ಎರಡು ಗಂಟೆ ಬಗ್ಗಿ ಉಜ್ಜಿದರೆ ಬೀಳುವುದಿಲ್ಲ. ಹೆಂಗಸರು ಮಾಡುವ ಕೆಲಸವನ್ನು ಮನೆಗೆಲಸದ ಮುಂದುವರಿಕೆ ಎಂದು ಭಾವಿಸಿ ಸೊನ್ನೆ ಅಂಕ ಹಾಕುವುದು ನಮ್ಮ ಹಳೆಯ ಅಭ್ಯಾಸ. ಆದ್ದರಿಂದ ಅಂಕ ಹಾಕುವ ಸಮಿತಿಯಲ್ಲಿ ಮೂವರೋ ಐವರೋ ಇರಲಿ, ಒಬ್ಬರಾದರೂ ಮಹಿಳಾ ಸದಸ್ಯರು ಇರಲಿ, ನೌಕರರ ನೆಂಟರು ಬೇಡ. ಪ್ರತಿಯೊಬ್ಬರೂ ಬೇರೆಬೇರೆಯಾಗಿ ಅಂಕ ಬರೆದು ಆಮೇಲೆ ತಾಳೆ ನೋಡಲಿ. ಎಲ್ಲಿ ದೊಡ್ಡ ವ್ಯತ್ಯಾಸ ಬರುತ್ತದೋ ಅಲ್ಲಿ ಯಾರೋ ಒಬ್ಬರು ಕೆಲಸವನ್ನು ಸರಿಯಾಗಿ ನೋಡಿಲ್ಲ ಎಂದರ್ಥ. ಅಲ್ಲಿ ಚರ್ಚೆ ಮಾಡಿ.

ಮೂರನೆಯದು. ಅಂಕವನ್ನು ನೇರವಾಗಿ ರೂಪಾಯಿಗೆ ಗುಣಿಸಬೇಡಿ. ಹತ್ತಿರಹತ್ತಿರದ ಅಂಕದ ಹುದ್ದೆಗಳನ್ನು ಒಂದೊಂದು ದರ್ಜೆಗೆ ಸೇರಿಸಿ, ದರ್ಜೆಗೊಂದು ಸಂಬಳದ ಶ್ರೇಣಿ ಮಾಡಿ. ಕೆಲಸದ ಗಂಟೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಾನೂನಿನ ಕನಿಷ್ಠ ವೇತನ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು, ಅದಕ್ಕಿಂತ ಕೆಳಗೆ ಏಣಿಯೇ ಇಲ್ಲ. ತೂಗಿದ ಮೇಲೆ ಯಾರ ಸಂಬಳವಾದರೂ ಹೆಚ್ಚಾಗಿದೆ ಎಂದು ಕಂಡರೆ ಕಡಿಮೆ ಮಾಡಬೇಡಿ. ಅದನ್ನು ಹಾಗೇ ಬಿಟ್ಟು, ಉಳಿದವರು ಮೇಲೆ ಬರುವವರೆಗೆ ಕಾಯಿರಿ. ಒಬ್ಬರ ಅನ್ನ ಕಿತ್ತುಕೊಂಡು ಇನ್ನೊಬ್ಬರಿಗೆ ನ್ಯಾಯ ಮಾಡಲಾಗದು.

ನಾಲ್ಕನೆಯದು, ನಾನು ಮಾಡಿದ ತಪ್ಪು. ಎಲ್ಲರಿಗೂ ನೂರಕ್ಕೆ ಹತ್ತು ಎಂಬುದು ಸಮಾನವಾಗಿ ಕೇಳಿಸುತ್ತದೆ. 12,000 ಪಡೆಯುವವರಿಗೆ 1,200 ಹೆಚ್ಚುತ್ತದೆ, 4,000 ಪಡೆಯುವವರಿಗೆ 400 ಹೆಚ್ಚುತ್ತದೆ. ಇಬ್ಬರ ನಡುವೆ 8,000 ಇದ್ದ ಅಂತರ 8,800 ಆಯಿತು. ಮೊದಲ ಅಂತರವೇ ತಪ್ಪಾಗಿದ್ದರೆ ನಾವು ಹೆಚ್ಚಿಸಿದ್ದು ಆ ತಪ್ಪನ್ನು.

ಐದನೆಯದು. ಒಮ್ಮೆ ತೂಗಿದರೆ ಮುಗಿಯಲಿಲ್ಲ. ಹೊಸ ಯಂತ್ರ ಬಂದಾಗ, ಕ್ಯಾನು ಹೋಗಿ ಬಲ್ಕ್ ಕೂಲರ್ ಬಂದಾಗ, ಕೆಲಸ ಒಬ್ಬರಿಂದ ಇನ್ನೊಬ್ಬರಿಗೆ ಜಾರಿದಾಗ ಮತ್ತೆ ಹಾಳೆ ತೆಗೆಯಿರಿ. ಫಲಿತಾಂಶವನ್ನು ಸಂಘದ ನೋಟೀಸು ಬೋರ್ಡಿಗೆ ಹಾಕಿ, ಹದಿನೈದು ದಿನ ಆಕ್ಷೇಪಣೆಗೆ ಅವಕಾಶ ಕೊಡಿ.

ಇಷ್ಟೆಲ್ಲ ಮಾಡಿದರೂ ಈ ಅಂಕ ಲ್ಯಾಕ್ಟೋಮೀಟರಿನಂತೆ ತಾನಾಗಿ ಏಳುವುದಲ್ಲ. ಮನುಷ್ಯರು ಕೂತು ಹಾಕುವ ಅಂಕ. ಅದರಲ್ಲಿ ತಪ್ಪಿರಬಹುದು. ಆದರೆ ಬರೆದಿಟ್ಟ ತಪ್ಪನ್ನು ತೋರಿಸಿ ಕೇಳಬಹುದು, ತಿದ್ದಬಹುದು. ಬಾಗಿಲ ಒಳಗೆ ಒಬ್ಬ ಡಾಕ್ಟರು ಬಾಯಿಗೆ ಬಂದಂತೆ ಹೇಳಿದ ಮಾತನ್ನು ಬಾಗಿಲ ಹೊರಗಿದ್ದವರು ಹೇಗೆ ತಿದ್ದಬೇಕು?

ನಮ್ಮ ಹಣ ಹೋಗುವುದಿಲ್ಲವೇ?

ಸದಸ್ಯರು ಕೇಳುವ ಪ್ರಶ್ನೆ ಇದು, ಕೇಳುವುದು ನ್ಯಾಯವೂ ಹೌದು. ನೌಕರರ ಸಂಬಳ ನಿಮ್ಮ ಹಾಲಿನ ಲಾಭದಿಂದಲೇ ಹೋಗುವುದು, ನಿಮ್ಮ ಬೋನಸ್ಸಿನಲ್ಲೇ ಅಷ್ಟು ಕಡಿಮೆಯಾಗುವುದು. ಹಾಗಾದರೆ ಲೆಕ್ಕ ಮಾಡೋಣ. ದಿನಕ್ಕೆ 500 ಲೀಟರ್ ಶೇಖರಿಸುವ ಸಂಘ ತಿಂಗಳಿಗೆ 15,000 ಲೀಟರ್ ಶೇಖರಿಸುತ್ತದೆ. ತೊಳೆಯುವವರಿಗೆ ತಿಂಗಳಿಗೆ 1,500 ರೂಪಾಯಿ ಹೆಚ್ಚು ಕೊಟ್ಟರೆ ಲೀಟರಿಗೆ ಬೀಳುವುದು 10 ಪೈಸೆ. ಲೀಟರಿಗೆ 30 ರೂಪಾಯಿ ಎಂದು ಹಿಡಿದರೂ, 40 ಲೀಟರಿನ ಒಂದು ಕ್ಯಾನು ಹುಳಿಯಾಗಿ ಹೋದರೆ 1,200 ರೂಪಾಯಿ ಹೋಯಿತು. ತಿಂಗಳಲ್ಲಿ ಎರಡು ಕ್ಯಾನು ಉಳಿಸಿದರೆ ಆ ಹೆಚ್ಚಳ ತೀರಿ ಇನ್ನೂ ಮಿಗುತ್ತದೆ. ಕೂಲರಿನ ಕಾಲದಲ್ಲಂತೂ ಒಬ್ಬರ ಕೈತಪ್ಪಿಗೆ ಹೋಗುವುದು ಒಂದು ಕ್ಯಾನಲ್ಲ, ಇಡೀ ತೊಟ್ಟಿ. ತಪ್ಪಿಲ್ಲದ ಅಜ್ಜಿಯೊಬ್ಬರನ್ನು ಸಾಲಿನಿಂದ ವಾಪಸು ಕಳಿಸಿದ್ದಕ್ಕೆ ಎಷ್ಟು ರೂಪಾಯಿ ಎಂದು ನನಗೆ ಲೆಕ್ಕ ಹಾಕಲು ಬರುವುದಿಲ್ಲ.

ಇನ್ನು ಕೆಲವರು, "ಡಾಕ್ಟ್ರೇ, ನಿಮ್ಮ ಒಕ್ಕೂಟದ ಹುದ್ದೆಗಳನ್ನೂ ಹೀಗೆ ತೂಗುತ್ತೀರಾ?" ಎಂದು ಮನಸ್ಸಿನಲ್ಲಿ ಕೇಳುತ್ತಿರಬಹುದು. ತೂಗಬೇಕು ಎಂದೇ ನನ್ನ ಅಭಿಪ್ರಾಯ. ವಿಸ್ತರಣಾಧಿಕಾರಿಯ ಹುದ್ದೆಯನ್ನೂ ತಕ್ಕಡಿಗೆ ಇಡಲಿ. ಪದವಿ ಇದೆ ಎಂಬ ಒಂದೇ ಕಾರಣಕ್ಕೆ ಮುಳ್ಳು ನಮ್ಮ ಕಡೆಗೆ ವಾಲಬಾರದು.

ಕೊನೆಯದಾಗಿ ಒಂದು ಬೇಡಿಕೆ. ಊರಿಗೆ ಹೋದ ಮೇಲೆ ಈ ತಿಂಗಳ ಆಡಳಿತ ಮಂಡಳಿ ಸಭೆಯಲ್ಲಿ ಸಂಬಳದ ಮಾತು ಎತ್ತಬೇಡಿ. ಮೊದಲು ಹಾಳೆಗಳನ್ನು ಬರೆಯಿರಿ. ಅದರಲ್ಲೂ ಸಂಘದಲ್ಲಿ ಅತಿ ಕಡಿಮೆ ಸಂಬಳದ ಹುದ್ದೆ ಯಾವುದೋ ಅದರ ಹಾಳೆಯನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ. ಬರೆದದ್ದನ್ನು ಆ ಕೆಲಸ ಮಾಡುವವರಿಗೇ ಓದಿ ಹೇಳಿ, ಏನಾದರೂ ಬಿಟ್ಟುಹೋಗಿದೆಯೇ ಎಂದು ಕೇಳಿ. ಖಂಡಿತ ಬಿಟ್ಟುಹೋಗಿರುತ್ತದೆ. ಅದನ್ನು ಸೇರಿಸಿಕೊಳ್ಳಿ.

ಹಾಳೆ ಬರೆಯುವುದರಲ್ಲಿ ತೊಡಕಾದರೆ ನಿಮ್ಮ ವ್ಯಾಪ್ತಿಯ ವಿಸ್ತರಣಾಧಿಕಾರಿಯನ್ನು ಕರೆಯಿರಿ. ನನ್ನ ವ್ಯಾಪ್ತಿಯ ಸಂಘಗಳು ನನ್ನನ್ನು ಕರೆಯಲಿ, ಬರುತ್ತೇನೆ. ಈ ಸಲ ಬಾಯಿ ಬಿಡುವ ಮೊದಲು ಡೇರಿಯಲ್ಲಿ ಎರಡು ಹೊತ್ತು ನಿಂತು ನೋಡುತ್ತೇನೆ.

 ಸಂಜೆ ಹಾಲು ಕರೆಯುವ ಹೊತ್ತಾಗುತ್ತಾ ಬಂತು, ಎಲ್ಲರೂ ಕ್ಷೇಮವಾಗಿ ಊರು ಸೇರಿಕೊಳ್ಳಿ.